ಗಣೇಶಶಂಕರ ವಿದ್ಯಾರ್ಥಿ: ವೃತ್ತಪತ್ರವೂ ಲೋಕಸೇವೆಯೂ

ಓದುಬಾರದ ರೈತನಿಗೆ ವೃತ್ತಪತ್ರದಿಂದ ಆಗತಕ್ಕ ಪ್ರಯೋಜನವೇನೆಂಬ ಪ್ರಶ್ನೆಯನ್ನು ನಮ್ಮ ವಿದ್ಯಾವಂತರೂ ಅಧಿಕಾರಿಗಳೂ ಆಗಾಗ ಕೇಳುವುದುಂಟು. ಪತ್ರವು ಪಟ್ಟಣದ ಸರಕು. ಬರೆಯುವವನೂ ಪಟ್ಟಣಿಗ, ಕೊಳ್ಳುವವನೂ ಪಟ್ಟಣಿಗ. ಹಳ್ಳಿಗೆ ಬೇಕಾದುದು ಬಾವಿ, ದಾರಿ, ಶಾಲೆ, ಔಷಧಗಳೇ ಹೊರತು ಅಚ್ಚಾದ ಕಾಗದವಲ್ಲ ಎಂಬುದು ಅವರ ವಾದ. ಈ ವಾದದಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳಲಾರೆವು. ಆದರೆ ಬಾವಿ ತೋಡಿಸಬೇಕಾದವನ ಕಿವಿಗೆ ಬಾಯಾರಿದವನ ಮಾತು ಮುಟ್ಟದೆ ಹೋದರೆ ಬಾವಿಯು ತಾನಾಗಿ ಹುಟ್ಟುವುದಿಲ್ಲ. ಆ ಮಾತನ್ನು ಮುಟ್ಟಿಸುವ ಕಾರ್ಯವನ್ನೇ ತನ್ನ ಬಾಳಿನ ವ್ರತವನ್ನಾಗಿ ಮಾಡಿಕೊಂಡು, ಅದಕ್ಕಾಗಿ ಐದು ಸಲ ಸೆರೆಮನೆ ಸೇರಿ, ಕಡೆಗೆ ಪ್ರಾಣವನ್ನೂ ತೆತ್ತವರು ಕಾನ್ಪುರದ ‘ಪ್ರತಾಪ’ ಪತ್ರದ ಸಂಪಾದಕರಾಗಿದ್ದ ಗಣೇಶಶಂಕರ ವಿದ್ಯಾರ್ಥಿಯವರು. ಅವರ ಹೆಸರನ್ನು ನಮ್ಮ ನಾಡಿನವರು ಕೇಳಿರುವರು. ಕೆಲಸವನ್ನು ಬಲ್ಲವರು ಕಡಿಮೆ. ಆದುದರಿಂದ ಅವರ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ವಿದ್ಯಾರ್ಥಿಯವರು ಹುಟ್ಟಿದುದು 1890ನೆಯ ಅಕ್ಟೋಬರ್ 26ರಂದು, ಪ್ರಯಾಗದ ಅತರಸುಯಿಯಾ ಮೊಹಲ್ಲೆಯಲ್ಲಿದ್ದ ತಾಯಿಯ ತವರುಮನೆಯಲ್ಲಿ. ತಂದೆ ಜಯನಾರಾಯಣರು ಗ್ವಾಲಿಯರ್ ಸಂಸ್ಥಾನದ ಮುಂಗಾವಲಿ ಎಂಬ ಊರಿನ ಶಾಲೆಯಲ್ಲಿ ಉಪಾಧ್ಯಾಯರು. ಉಪಾಧ್ಯಾಯನ ಮನೆಯೆಂದ ಮೇಲೆ ವಿದ್ಯೆಗೆ ಕೊರತೆಯಿಲ್ಲ, ಬಡತನಕ್ಕೂ ಕೊರತೆಯಿಲ್ಲ. ಬಾಲಕನು ಮೊದಲು ಉರ್ದುವನ್ನೂ ಬಳಿಕ ಇಂಗ್ಲಿಷನ್ನೂ ಕಲಿತು, 1907ರಲ್ಲಿ ಖಾಸಗಿಯಾಗಿ ಕುಳಿತು ಎಂಟ್ರೆನ್ಸ್ ಪರೀಕ್ಷೆಯಲ್ಲಿ ಉತ್ತೀರ್ಣನಾದನು. ಮುಂದಿನ ಓದಿಗಾಗಿ ಪ್ರಯಾಗದ ಕಾಯಸ್ಥ ಪಾಠಶಾಲೆಯನ್ನು ಸೇರಿದರೂ ಹಣದ ಅಡಚಣೆಯಿಂದ ಅದು ಮುಂದುವರಿಯಲಿಲ್ಲ. ಕಾಲೇಜು ಕೈತಪ್ಪಿತಾದರೂ ಕಲಿಯುವ ಹಂಬಲವು ಬಿಡಲಿಲ್ಲ. ಮನುಷ್ಯನು ಬದುಕಿರುವವರೆಗೂ ಕಲಿಯುತ್ತಲೇ ಇರತಕ್ಕವನೆಂಬ ಭಾವನೆಯಿಂದ ಅವರು ವಿದ್ಯಾರ್ಥಿ ಎಂಬ ಪದವನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು.

1908ರಲ್ಲಿ ಅವರಿಗೆ ಕಾನ್ಪುರದ ಕರೆನ್ಸಿ ಕಚೇರಿಯಲ್ಲಿ ಗುಮಾಸ್ತಿಕೆ ದೊರೆಯಿತು. ಆ ಕಾಲದಲ್ಲಿ ಬಡವನ ಮಗನಿಗೆ ಸರಕಾರಿ ಕಚೇರಿಯ ಕುರ್ಚಿಯು ಸಾಮಾನ್ಯವಾದ ಭಾಗ್ಯವಲ್ಲ. ಆದರೆ ಕೆಲಸದ ಬಿಡುವಿನಲ್ಲಿ ಪುಸ್ತಕ ಓದುವ ಚಾಳಿಯು ಮೇಲಧಿಕಾರಿಗೆ ಹಿಡಿಸಲಿಲ್ಲ. ಮಾತಿಗೆ ಮಾತು ಬೆಳೆದು ತರುಣನು ಕೆಲಸವನ್ನು ಬಿಟ್ಟನು. ಬಳಿಕ ಪೃಥ್ವೀನಾಥ ಹೈಸ್ಕೂಲಿನಲ್ಲಿ ಉಪಾಧ್ಯಾಯನಾದರೂ ಅಲ್ಲಿಯೂ ರಾಜಕೀಯ ಪತ್ರಗಳನ್ನು ಓದುವುದೇ ಅಪರಾಧವಾಗಿ ಪರಿಣಮಿಸಿತು. ಇಷ್ಟರಲ್ಲಿ ವಿವಾಹವೂ ಆಗಿದ್ದಿತು. ಸಂಸಾರದ ಭಾರ ಹೆಗಲಮೇಲಿರಲು ಎರಡು ಉದ್ಯೋಗಗಳನ್ನು ಕೈಯಾರೆ ಬಿಟ್ಟವನನ್ನು ನೆರೆಹೊರೆಯವರು ಅವಿವೇಕಿಯೆಂದಿದ್ದರೆ ಆಶ್ಚರ್ಯವಿಲ್ಲ.

1911ರಲ್ಲಿ ಅವರು ‘ಸರಸ್ವತೀ’ ಮಾಸಪತ್ರಿಕೆಯ ಸಂಪಾದಕರಾದ ಆಚಾರ್ಯ ಮಹಾವೀರಪ್ರಸಾದ ದ್ವಿವೇದಿಯವರ ಬಳಿಯಲ್ಲಿ ಸಹಾಯಕರಾಗಿ ನಿಂತರು. ಹಿಂದೀ ಗದ್ಯವನ್ನು ತಿದ್ದಿ ತೀಡಿ ಒಂದು ಹದಕ್ಕೆ ತಂದ ಮಹನೀಯರು ಆ ಆಚಾರ್ಯರು. ಒಂದು ಶಬ್ದವು ಅನಾವಶ್ಯಕವಾದರೆ ಅದನ್ನು ಉಳಿಸದ ಕಟ್ಟುನಿಟ್ಟನ್ನು ವಿದ್ಯಾರ್ಥಿಯವರು ಅಲ್ಲಿ ಕಲಿತರು. ಅನಂತರ ಪಂಡಿತ ಮದನಮೋಹನ ಮಾಲವೀಯರ ‘ಅಭ್ಯುದಯ’ ಪತ್ರಕ್ಕೆ ಹೋಗಿ ರಾಜಕೀಯ ಲೇಖನದ ಅಭ್ಯಾಸ ಮಾಡಿದರು. ಹೀಗೆ ಒಬ್ಬ ಗುರುವಿನಿಂದ ಭಾಷೆಯೂ ಮತ್ತೊಬ್ಬರ ಆಶ್ರಯದಲ್ಲಿ ವಿಷಯವೂ ಅವರಿಗೆ ಲಭಿಸಿದವು.

1913ನೆಯ ನವೆಂಬರ್ 9ರಂದು ಕಾನ್ಪುರದಲ್ಲಿ ‘ಪ್ರತಾಪ’ ವಾರಪತ್ರವು ಹೊರಟಿತು. ಶಿವನಾರಾಯಣ ಮಿಶ್ರ, ನಾರಾಯಣಪ್ರಸಾದ ಅರೋಡಾ, ಯಶೋದಾನಂದನ ಎಂಬ ಮೂವರು ಮಿತ್ರರು ಈ ಸಾಹಸದಲ್ಲಿ ಭಾಗಿಗಳು. ಸಂಪಾದಕರ ವಯಸ್ಸು ಇಪ್ಪತ್ತಮೂರು. ಮೂಲಧನವು ಅತ್ಯಲ್ಪ. ಹಳೆಯ ಗುರುಗಳಾದ ದ್ವಿವೇದಿಯವರು ಪತ್ರದ ನೆತ್ತಿಯ ಮೇಲೆ ಅಚ್ಚಾಗಲೆಂದು ಪದ್ಯವೊಂದನ್ನು ರಚಿಸಿಕೊಟ್ಟು ಆಶೀರ್ವದಿಸಿದರು. ಸಂಪಾದಕನೇ ಗುಮಾಸ್ತ, ಸಂಪಾದಕನೇ ಕರಡಚ್ಚು ತಿದ್ದುವವನು ಎಂಬ ಸ್ಥಿತಿಯು ಸಣ್ಣ ಪತ್ರಗಳನ್ನು ನಡೆಯಿಸಿದವರಿಗೆಲ್ಲ ಗೊತ್ತು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಆಗಿನ ಪತ್ರಗಳಲ್ಲಿ ಹೆಚ್ಚಿನವು ಏನನ್ನು ಅಚ್ಚು ಹಾಕುತ್ತಿದ್ದವು ಎಂಬುದನ್ನು ನೆನೆದರೆ ‘ಪ್ರತಾಪ’ದ ವೈಶಿಷ್ಟ್ಯವು ತಿಳಿಯುತ್ತದೆ. ದೊರೆಗಳ ಆಗಮನ ನಿರ್ಗಮನ, ಸಭೆಗಳ ನಡವಳಿ, ವಿಲಾಯತಿಯ ತಂತಿವರ್ತಮಾನ, ಮೇಲಾಗಿ ಒಂದಷ್ಟು ಧರ್ಮಚರ್ಚೆ, ಇವಿಷ್ಟರಲ್ಲಿ ಪುಟಗಳು ತುಂಬುತ್ತಿದ್ದವು. ಹಳ್ಳಿಯು ಕ್ಷಾಮ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ವಿದ್ಯಾರ್ಥಿಯವರು ಈ ಕ್ರಮವನ್ನು ತಲೆಕೆಳಗು ಮಾಡಿದರು. ಜಮೀನುದಾರನ ಗುಮಾಸ್ತನು ಒಕ್ಕಲಿನಿಂದ ಕಿತ್ತುಕೊಂಡ ಅಕ್ರಮ ವಸೂಲಿ, ಠಾಣೆಯವನ ಬಿಟ್ಟಿ ಬೇಗಾರಿ, ಗಿರಣಿಯ ಆಳಿನ ಕೂಲಿ, ಇವು ಅವರ ಪತ್ರದಲ್ಲಿ ಸುದ್ದಿಗಳಾದವು. ಇಂತಹ ಸುದ್ದಿಯನ್ನು ತಂತಿಯು ತರುವುದಿಲ್ಲ. ಅದನ್ನು ಹಳ್ಳಿಯಲ್ಲಿ ಅಕ್ಷರ ಬಲ್ಲ ಯಾವನೋ ಒಬ್ಬನು, ಶಾಲೆಯ ಮಾಸ್ತರನೋ ಸಣ್ಣ ವ್ಯಾಪಾರಿಯೋ, ದೀಪದ ಬೆಳಕಿನಲ್ಲಿ ಬರೆದು ಅಂಚೆಗೆ ಹಾಕಬೇಕು. ಬರೆದವನ ಹೆಸರು ಹೊರಬಿದ್ದರೆ ಅವನ ಅನ್ನಕ್ಕೆ ಸಂಚಕಾರ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಚಂಪಾರಣ್ಯದ ಉದಾಹರಣೆಯಿದೆ. ಬಿಹಾರದ ಆ ಜಿಲ್ಲೆಯಲ್ಲಿ ರೈತನು ತನ್ನ ಭೂಮಿಯ ಇಪ್ಪತ್ತು ಕಟ್ಠೆಗಳಲ್ಲಿ ಮೂರು ಕಟ್ಠೆಯಷ್ಟನ್ನು ನೀಲಿಗಾಗಿಯೇ ಬಿಡಬೇಕೆಂಬ ‘ತೀನಕಠಿಯಾ’ ಪದ್ಧತಿಯು ನಡೆಯುತ್ತಿದ್ದಿತು. ಜರ್ಮನಿಯ ಕೃತಕ ಬಣ್ಣವು ಪೇಟೆಗೆ ಬಂದು ನೀಲಿಯ ಬೆಲೆ ಕುಸಿದಾಗ ಐರೋಪ್ಯ ತೋಟಗಾರರು ತಮ್ಮ ನಷ್ಟವನ್ನು ರೈತನ ಮೇಲೆ ಹೊರಿಸಿ, ನೀಲಿಯ ಕರಾರಿನಿಂದ ಬಿಡುಗಡೆ ಮಾಡುವೆವೆಂಬ ನೆಪದಲ್ಲಿ ಕೆಲವರಿಂದ ಹೆಚ್ಚು ಗೇಣಿಯನ್ನೂ ಕೆಲವರಿಂದ ಒಟ್ಟು ಹಣವನ್ನೂ ವಸೂಲು ಮಾಡತೊಡಗಿದರು. ಬೇತಿಯಾದಲ್ಲಿ ಉಪಾಧ್ಯಾಯರಾಗಿದ್ದ ಪೀರ್ ಮುಹಮ್ಮದ್ ಮೂನಿಸ್ ಎಂಬವರು ಈ ವಿಷಯಗಳನ್ನು ‘ಪ್ರತಾಪ’ಕ್ಕೆ ಬರೆದು ಕಳುಹಿದರು, ಪತ್ರವು ಅವನ್ನು ಸತತವಾಗಿ ಪ್ರಕಟಿಸಿತು. ಮೂನಿಸರು ಇದಕ್ಕಾಗಿ ತಮ್ಮ ಉಪಾಧ್ಯಾಯ ವೃತ್ತಿಯನ್ನು ಕಳೆದುಕೊಂಡರು. 1917ರಲ್ಲಿ ಗಾಂಧೀಜಿಯವರು ಚಂಪಾರಣ್ಯಕ್ಕೆ ಹೋದುದೂ, 1918ರ ಕಾಯಿದೆಯಿಂದ ತೀನಕಠಿಯಾ ಪದ್ಧತಿಯು ರದ್ದಾದುದೂ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಗಾಂಧೀಜಿಯವರು ರೈಲಿನಿಂದಿಳಿಯುವುದಕ್ಕೆ ಮುಂಚೆಯೇ ಆ ರೈತರ ಗೋಳು ಅಚ್ಚಿನಲ್ಲಿ ಮೂಡಿ ಹೊರನಾಡಿಗೆ ತಿಳಿದಿದ್ದಿತೆಂಬುದನ್ನೂ, ಅದರ ಹಿಂದೆ ಒಬ್ಬ ಬಡ ಮಾಸ್ತರನ ಲೇಖನಿಯೂ ಒಬ್ಬ ಸಂಪಾದಕನ ಧೈರ್ಯವೂ ಇದ್ದುವೆಂಬುದನ್ನೂ ಎಷ್ಟು ಜನರು ಬಲ್ಲರು?

ಮೇವಾಡ ಸಂಸ್ಥಾನದ ಬಿಜೋಲಿಯಾ ಜಹಗೀರಿಯ ಕಥೆಯೂ ಇಂತಹದೇ. ಅಲ್ಲಿಯ ರೈತರ ಮೇಲೆ ಕಂದಾಯವಲ್ಲದೆ 84 ಬಗೆಯ ಲಾಗ್‌ಬಾಗುಗಳು, ಎಂದರೆ ಹಬ್ಬಕ್ಕೊಂದು ಮದುವೆಗೊಂದು ಎಂಬಂತೆ ಬಗೆಬಗೆಯ ಪಟ್ಟಿಗಳು, ಹೇರಲ್ಪಟ್ಟಿದ್ದವು. ರೈತರನ್ನು ಸಂಘಟಿಸಿದ ವಿಜಯಸಿಂಹ ಪಥಿಕರು ಸತ್ಯಾಗ್ರಹದ ವರ್ತಮಾನಗಳನ್ನು ವಿದ್ಯಾರ್ಥಿಯವರಿಗೆ ಕಳುಹುತ್ತಿದ್ದರು. ಸಂಸ್ಥಾನಗಳೊಳಗಿನ ಮಾತು ಗಡಿಯಾಚೆಗೆ ಹೋಗದ ಕಾಲ ಅದು; ಅರಸನ ಪ್ರಜೆಗೆ ಅರಸನೇ ಕಡೆಯ ನ್ಯಾಯಾಲಯ. ‘ಪ್ರತಾಪ’ವು ಆ ಗೋಡೆಯಲ್ಲಿ ಒಂದು ಕಿಂಡಿಯನ್ನು ಕೊರೆಯಿತು. ಕಾನ್ಪುರದಲ್ಲಿ ಅಚ್ಚಾದುದು ದೇಶದಲ್ಲೆಲ್ಲ ಚರ್ಚೆಗೆ ಬಂದಿತು; ಕೆಲವು ಸಂಸ್ಥಾನಗಳು ಪತ್ರವನ್ನು ತಮ್ಮ ಗಡಿಯೊಳಗೆ ಬಿಡದಂತೆ ತಡೆದವು. 1922ರಲ್ಲಿ ಒಪ್ಪಂದವಾಗಿ ಆ 84ರಲ್ಲಿ 35 ಪಟ್ಟಿಗಳನ್ನು ಬಿಟ್ಟುಕೊಡಲಾಯಿತು. ರೈತರ ಹೋರಾಟವು ಅಲ್ಲಿಗೇ ಮುಗಿಯಲಿಲ್ಲ. ಆದರೂ ಮನೆಯಲ್ಲಿ ಉಳಿದ ಒಂದೊಂದು ಸೇರು ಧಾನ್ಯದ ಬೆಲೆಯನ್ನು ಅರಿತವನು ಈ ಫಲವನ್ನು ಅಲ್ಪವೆನ್ನಲಾರನು.

ಈ ಮಧ್ಯೆ 1920ನೆಯ ನವೆಂಬರಿನಲ್ಲಿ ‘ಪ್ರತಾಪ’ವು ದಿನಪತ್ರವೂ ಆಯಿತು. ಎರಡು ತಿಂಗಳೊಳಗೆ ಅದಕ್ಕೆ ಅಗ್ನಿಪರೀಕ್ಷೆ ಒದಗಿತು. ಅವಧ ಪ್ರಾಂತದಲ್ಲಿ 1886ರ ಗೇಣಿ ಕಾಯಿದೆಯಂತೆ ಒಕ್ಕಲಿಗೆ ಏಳು ವರುಷದ ಹಕ್ಕು ಮಾತ್ರ. ಅವಧಿ ಮುಗಿದೊಡನೆ ತಾಲೂಕದಾರನು ಅವನನ್ನು ಭೂಮಿಯಿಂದ ಹೊರಹಾಕಬಹುದು, ಇಲ್ಲವೆ ನಜರಾಣೆಯ ಹೆಸರಿನಲ್ಲಿ ಬೇಡಿದಷ್ಟು ಹಣ ಹಿಂಡಬಹುದು. ಇದರಿಂದ ಬೇಸತ್ತ ರೈತರು ಬಾಬಾ ರಾಮಚಂದ್ರರೇ ಮೊದಲಾದವರ ನಾಯಕತ್ವದಲ್ಲಿ ಕಿಸಾನ ಸಭೆಗಳನ್ನು ಕಟ್ಟಿದರು. 1921ನೆಯ ಜನವರಿ 7ರಂದು ರಾಯಬರೇಲಿಯ ಬಳಿಯ ಮುನ್ಶಿಗಂಜದಲ್ಲಿ, ಸಯೀ ನದಿಯ ಸೇತುವೆಯ ಸಮೀಪದಲ್ಲಿ, ನೆರೆದಿದ್ದ ರೈತರ ಮೇಲೆ ಗುಂಡು ಹಾರಿತು. ‘ಪ್ರತಾಪ’ವು ಅದನ್ನು ಮುಚ್ಚುಮರೆಯಿಲ್ಲದೆ ಬರೆಯಿತು, ಆ ದಿನದ ಕೃತ್ಯದಲ್ಲಿ ತಾಲೂಕದಾರನೂ ಶಾಸನಸಭೆಯ ಸದಸ್ಯನೂ ಆದ ಸರದಾರ ವೀರಪಾಲಸಿಂಹನ ಕೈವಾಡವಿದೆಯೆಂದು ಹೆಸರು ಹಿಡಿದು ಹೇಳಿತು. ಆತನು ಸಂಪಾದಕರಾದ ವಿದ್ಯಾರ್ಥಿಯವರ ಮೇಲೂ ಮುದ್ರಕರಾದ ಶಿವನಾರಾಯಣ ಮಿಶ್ರರ ಮೇಲೂ ಮಾನಹಾನಿಯ ಮೊಕದ್ದಮೆ ಹೂಡಿದನು.

ವಿಚಾರಣೆಯು ತಿಂಗಳುಗಟ್ಟಲೆ ಸಾಗಿತು. ಮುಂದೆ ಕಾದಂಬರಿಕಾರರಾಗಿ ಪ್ರಸಿದ್ಧರಾದ ವೃಂದಾವನಲಾಲ ವರ್ಮರು ಪತ್ರದ ಪರವಾಗಿ ವಕೀಲಿ ಮಾಡಿದರು. ಮೋತೀಲಾಲ ನೆಹರೂ ಅವರಂತಹ ಪ್ರಮುಖರೊಡನೆ ಹಳ್ಳಿಯ ಸಾಮಾನ್ಯ ರೈತರೂ ಸಾಕ್ಷಿಕಟ್ಟೆಯನ್ನೇರಿ ತಾವು ಕಂಡುದನ್ನು ನುಡಿದರು. ಈ ಸಂಗತಿಯನ್ನು ವಾಚಕರು ತುಸು ನಿಂತು ಯೋಚಿಸಬೇಕು. ತಾಲೂಕದಾರನ ಮುಂದೆ ತಲೆಯೆತ್ತಿ ನಿಲ್ಲಲಾರದವನು ಅವನ ವಿರುದ್ಧವಾಗಿ ನ್ಯಾಯಾಲಯದಲ್ಲಿ ಬಾಯಿ ಬಿಡಬೇಕಾದರೆ, ತನ್ನ ಹಿಂದೆ ಯಾರೋ ನಿಂತಿದ್ದಾರೆಂಬ ಭರವಸೆ ಅವನಿಗೆ ಬೇಕು. ಆ ಭರವಸೆಯನ್ನು ಕೊಟ್ಟುದು ಒಂದು ವೃತ್ತಪತ್ರ. ತೀರ್ಪು ಪತ್ರಕ್ಕೆ ವಿರುದ್ಧವಾಯಿತು. ಸಂಪಾದಕನಿಗೂ ಮುದ್ರಕನಿಗೂ ಸಜೆಯೂ ದಂಡವೂ ವಿಧಿಸಲ್ಪಟ್ಟವು. ಸರಕಾರವು ಜಾಮೀನು ಹಣವನ್ನೂ ಕೇಳಿತು. ಸಾಲ ತಲೆಗೇರಿತು. ಆದರೆ ಅದೇ 1921ರಲ್ಲಿ ಅವಧದ ಗೇಣಿ ಕಾಯಿದೆಗೆ ತಿದ್ದುಪಡಿಯಾಗಿ ಒಕ್ಕಲಿಗೆ ಜೀವಮಾನದ ಹಕ್ಕು ದೊರೆಯಿತು. ಇದು ಮುಖ್ಯವಾಗಿ ರೈತರ ಚಳವಳಿಯ ಫಲ. ಪತ್ರದ್ದೇ ಎಂದು ಹೇಳುವುದು ಉಚಿತವಲ್ಲ. ನ್ಯಾಯಾಲಯದಲ್ಲಿ ಸೋತ ಪತ್ರವು ಲೋಕದ ಮನಸ್ಸಿನಲ್ಲಿ ಸೋಲಲಿಲ್ಲವೆಂದಷ್ಟೇ ನಾವು ಹೇಳುವೆವು.

1921ರಿಂದ 1924ರವರೆಗಿನ ಕಾಲದ ಹೆಚ್ಚು ಭಾಗವು ಅವರಿಗೆ ನ್ಯಾಯಾಲಯ ಸೆರೆಮನೆಗಳಲ್ಲಿಯೇ ಕಳೆಯಿತು. ಸೆರೆಯಲ್ಲಿ ದಿನಚರಿ ಬರೆದರು. ಫ್ರೆಂಚ್ ಕಾದಂಬರಿಕಾರ ವಿಕ್ಟರ್ ಹ್ಯೂಗೋನ ಕೃತಿಗಳನ್ನು ಹಿಂದಿಗೆ ತಂದರು. ಹೊರಗೆ ಮಿತ್ರರು ಪತ್ರವನ್ನು ನಿಲ್ಲಗೊಡಲಿಲ್ಲ. ಅದಾಗಲೇ ಅವರು ‘ಪ್ರತಾಪ’ವನ್ನು ತಮ್ಮ ಸ್ವಂತ ಸೊತ್ತೆಂದು ಇಟ್ಟುಕೊಳ್ಳದೆ ಒಂದು ಟ್ರಸ್ಟಿಗೆ ಒಪ್ಪಿಸಿದ್ದರು. ಪತ್ರದ ಒಡೆಯರಾದವರು ಈ ಮಾತನ್ನು ಓದಿ ಸುಮ್ಮನೆ ಪುಟ ತಿರುವುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು.

ಕಾನ್ಪುರದ ಫೀಲಖಾನೆಯಲ್ಲಿದ್ದ ‘ಪ್ರತಾಪ’ದ ಕಾರ್ಯಾಲಯವು ಛಾಪಖಾನೆಯೂ ಹೌದು, ಧರ್ಮಶಾಲೆಯೂ ಹೌದು. ಬಾಲಕೃಷ್ಣ ಶರ್ಮಾ ‘ನವೀನ’ರಂತಹ ಕವಿಗಳು ಅಲ್ಲಿಯೇ ಬೆಳೆದರು. ಲಾಹೋರಿನಿಂದ ಬಂದ ತರುಣ ಭಗತ್‌ಸಿಂಗನು ಬಲವಂತಸಿಂಗ್ ಎಂಬ ಹೆಸರಿನಿಂದ ಅಲ್ಲಿಯೇ ಕೆಲಸ ಮಾಡಿದನು. 1924ರಲ್ಲಿ ಕಾನ್ಪುರದ ಬಳಿಯ ನರ್ವಲದ ಶ್ಯಾಮಲಾಲ ಗುಪ್ತ ‘ಪಾರ್ಷದ’ರಿಂದ ಝಂಡಾ ಗೀತೆಯನ್ನು ಬರೆಯಿಸಿದವರೂ ವಿದ್ಯಾರ್ಥಿಯವರೇ. ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ಸಿನ ಮರುವರುಷ, ಎಂದರೆ 1925ರಲ್ಲಿ, ಅಧಿವೇಶನವು ಕಾನ್ಪುರದಲ್ಲಿ ನಡೆದಾಗ ಅದರ ಸ್ವಾಗತ ಕಾರ್ಯದ ಭಾರವನ್ನು ಹೊತ್ತವರಲ್ಲಿ ಅವರು ಅಗ್ರಗಣ್ಯರು. ನಮ್ಮ ಕರ್ನಾಟಕದ ಊರೂರುಗಳ ಪ್ರಭಾತಫೇರಿಗಳಲ್ಲಿ ಆ ಗೀತೆಯನ್ನು ಹಾಡಿದ ಹಿರಿಯರಿಗೆ ಅದರ ಹಿಂದೆ ಒಬ್ಬ ಸಂಪಾದಕನ ಪ್ರೇರಣೆಯಿದ್ದಿತೆಂಬುದು ತಿಳಿದಿರಲಿಕ್ಕಿಲ್ಲ. ಓದುಬಾರದವನಿಗೆ ಲೇಖನವು ಮುಟ್ಟದು, ಹಾಡು ಮುಟ್ಟುತ್ತದೆ. ಇದನ್ನು ಅರಿತ ಪತ್ರಕರ್ತನು ಅವರು.

ಬರೆದು ಕೈತೊಳೆದುಕೊಳ್ಳುವ ಜಾತಿಯವರೂ ಅವರಲ್ಲ. ಗಿರಣಿಗಳ ಪಟ್ಟಣವಾದ ಕಾನ್ಪುರದಲ್ಲಿ ಮಜೂರರ ಸಭೆಯ ಕಾರ್ಯದಲ್ಲಿ ಕೈಗೂಡಿಸಿದರು. ನರ್ವಲದಲ್ಲಿ ಸೇವಾಶ್ರಮವನ್ನು ಸ್ಥಾಪಿಸಿ ಗ್ರಾಮಸೇವೆಗೆ ಕಾರ್ಯಕರ್ತರನ್ನು ನಿಲ್ಲಿಸಿದರು. 1926ರಲ್ಲಿ ಸಂಯುಕ್ತ ಪ್ರಾಂತದ ಶಾಸನಸಭೆಗೆ ಚುನಾಯಿತರಾಗಿ, 1929ರಲ್ಲಿ ಆ ಸ್ಥಾನವನ್ನು ಬಿಟ್ಟರು. 1930ರಲ್ಲಿ ಗೋರಖಪುರದ ಹಿಂದೀ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು; ಅದೇ ವರುಷ ಉಪ್ಪಿನ ಸತ್ಯಾಗ್ರಹದಲ್ಲಿ ಮತ್ತೆ ಸೆರೆಮನೆಯನ್ನು ಸೇರಿದರು.

ಇಷ್ಟರವರೆಗಿನ ಕಥೆಯು ಪತ್ರದ ಶಕ್ತಿಯ ಕಥೆ. ಇನ್ನು ಹೇಳಬೇಕಾದುದು ಅದರ ಮಿತಿಯ ಕಥೆ. 1922ರ ಅನಂತರ ಉತ್ತರ ಹಿಂದುಸ್ಥಾನದಲ್ಲಿ ಹಿಂದೂ ಮುಸಲ್ಮಾನರ ನಡುವಣ ವೈಮನಸ್ಯವು ಬೆಳೆಯುತ್ತ ಹೋಯಿತು. ಆ ಬೆಂಕಿಗೆ ಎಣ್ಣೆ ಹೊಯ್ದವರಲ್ಲಿ ಪತ್ರಗಳವರೂ ಇದ್ದರೆಂಬುದನ್ನು ನಾವು ಮರೆಮಾಚಲಾರೆವು. ರೈತನ ಗೋಳನ್ನು ಲೋಕಕ್ಕೆ ಮುಟ್ಟಿಸಿದ ಅದೇ ಮೊಳೆ, ಅದೇ ಮಸಿ, ಒಂದು ಬೀದಿಯ ವದಂತಿಯನ್ನು ಮತ್ತೊಂದು ಬೀದಿಗೆ ಮುಟ್ಟಿಸಲೂ ಸಾಕು. ಅಚ್ಚಿನ ಯಂತ್ರಕ್ಕೆ ಪಾಪಪುಣ್ಯಗಳ ವಿವೇಚನೆಯಿಲ್ಲ. ವಿದ್ಯಾರ್ಥಿಯವರು ಎರಡು ಪಕ್ಷಗಳ ಮತಾಂಧತೆಯನ್ನೂ ಸಮನಾಗಿ ಖಂಡಿಸಿ ಬರೆದು, ಎರಡು ಪಕ್ಷಗಳಿಂದಲೂ ಬೈಗುಳನ್ನು ತಿಂದರು. ಅದರಿಂದ ಗಿರಾಕಿಗಳು ಹೆಚ್ಚುವುದಿಲ್ಲವೆಂಬುದು ಅವರಿಗೆ ತಿಳಿಯದ ವಿಷಯವಲ್ಲ.

1931ನೆಯ ಮಾರ್ಚ್ 9ರಂದು, ಗಾಂಧಿ-ಇರ್ವಿನ್ ಒಪ್ಪಂದದ ತರುವಾಯ, ಅವರು ಸೆರೆಯಿಂದ ಬಿಡುಗಡೆ ಹೊಂದಿದರು. 23ರಂದು ಲಾಹೋರಿನಲ್ಲಿ ಭಗತ್‌ಸಿಂಗ್, ರಾಜಗುರು, ಸುಖದೇವರಿಗೆ ಗಲ್ಲಾಯಿತು. ಮರುದಿನದ ಹರತಾಳದಲ್ಲಿ ಅಂಗಡಿ ಮುಚ್ಚುವ ವಿಷಯದಿಂದ ಹುಟ್ಟಿದ ಜಗಳವು ಕಾನ್ಪುರವನ್ನೆಲ್ಲ ವ್ಯಾಪಿಸಿತು. ಕೊಲೆ, ಲೂಟಿ, ಬೆಂಕಿಗಳು ನಡೆಯುತ್ತಿರಲು ಅಧಿಕಾರಿಗಳು ಕೈಕಟ್ಟಿ ನಿಂತರೆಂಬ ಆಪಾದನೆಯು ಆಗಲೇ ಬಂದಿತು. ಅಂದು ವಿದ್ಯಾರ್ಥಿಯವರು ಮೇಜಿನ ಮುಂದೆ ಕುಳಿತು ಅಗ್ರಲೇಖನ ಬರೆಯಬಹುದಾಗಿತ್ತು. ಆದರೆ ಉರಿಯುವ ಓಣಿಯಲ್ಲಿ ಪತ್ರವನ್ನು ಓದುವವನಾರು? ಅವರು ಬೀದಿಗಿಳಿದರು. ಮಾರ್ಚ್ 25ರಂದು ಬೆಂಗಾಲಿ ಮೊಹಾಲಿನಲ್ಲಿ ಸಿಕ್ಕಿಬಿದ್ದಿದ್ದ ಮುಸಲ್ಮಾನ ಸಂಸಾರಗಳನ್ನು, ಹೆಂಗಸರು ಮಕ್ಕಳಾದಿಯಾಗಿ, ಹೊರತಂದು ಸುರಕ್ಷಿತ ಸ್ಥಳಗಳಿಗೆ ಸೇರಿಸಿದರು. ಅನಂತರ ಮುಸಲ್ಮಾನರ ಕೇರಿಯಲ್ಲಿ ಹಿಂದೂಗಳು ಸಿಕ್ಕಿಬಿದ್ದಿರುವರೆಂಬ ಸುದ್ದಿ ಬಂದಿತು. ಅತ್ತಲೂ ಹೋದರು. ಚೌಬೇ ಗೋಲಾದ ಹತ್ತಿರ ಗುಂಪು ಮುತ್ತಿತು. ಓಡಿ ಪಾರಾಗಿರೆಂದು ಜತೆಯವರು ಎಳೆದರೂ ಅವರು ಕದಲಲಿಲ್ಲವೆಂದು ಕಂಡವರು ಹೇಳಿದರು. ಅಲ್ಲಿಯೇ ಅವರ ಪ್ರಾಣವು ಹೋಯಿತು. ವಯಸ್ಸು ನಾಲ್ವತ್ತು.

ಎರಡು ದಿನಗಳ ಬಳಿಕ ಆಸ್ಪತ್ರೆಯಲ್ಲಿ ಶವಗಳ ರಾಶಿಯ ನಡುವೆ ಅವರ ದೇಹವು ಸಿಕ್ಕಿತು. ಗುರುತು ಹತ್ತಿದುದು ಮೈಮೇಲಿನ ಖಾದಿಯಿಂದಲೂ, ಜೇಬಿನಲ್ಲಿ ಉಳಿದಿದ್ದ ಅವರ ಹೆಸರಿನ ಕಾಗದಗಳಿಂದಲೂ. ಪರರ ಕಾಗದಗಳನ್ನು ಲೋಕಕ್ಕೆ ಮುಟ್ಟಿಸುತ್ತ ಬಾಳಿದವರನ್ನು ಕಡೆಗೆ ಕಾಗದಗಳೇ ಗುರುತಿಸಿಕೊಟ್ಟವು. ಆಗ ಕರಾಚಿಯಲ್ಲಿ ಸೇರಿದ್ದ ಕಾಂಗ್ರೆಸ್ಸು ಶೋಕವನ್ನು ವ್ಯಕ್ತಪಡಿಸಿತು, ಡಾ. ಭಗವಾನದಾಸರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಆ ಸಮಿತಿಯ ವರದಿಯನ್ನು ಸರಕಾರವು ಮುಟ್ಟುಗೋಲು ಹಾಕಿಕೊಂಡಿತು. ಈಗ ಕಾನ್ಪುರದ ವೈದ್ಯಕೀಯ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ಈ ಚರಿತ್ರೆಯಿಂದ ನಾವು ಕಲಿಯತಕ್ಕುದೇನು? ಗ್ರಾಮೋದ್ಧಾರವೆಂದರೆ ಮೇಲಿನಿಂದ ಕೆಳಕ್ಕೆ ಉಪದೇಶವನ್ನು ಇಳಿಸುವುದೆಂಬ ಭ್ರಮೆಯು ಸರಕಾರಗಳಿಗೂ ಸಂಘಗಳಿಗೂ ಇನ್ನೂ ಬಿಟ್ಟಿಲ್ಲ. ಆಕಾಶವಾಣಿ, ದೂರದರ್ಶನಗಳು ಬಂದವು; ಈಗ ಅಂಗೈಯಲ್ಲಿಯೇ ಅಚ್ಚುಕೂಟವೂ ಅಂಚೆಯೂ ಇರುವ ಮೊಬೈಲು ಬಂದಿದೆ. ಗೊಬ್ಬರ ಹಾಕುವುದು ಹೇಗೆ, ಮಗುವಿಗೆ ಲಸಿಕೆ ಎಂದು ಎಂಬ ವಿಷಯಗಳೆಲ್ಲ ರೈತನಿಗೆ ಕ್ಷಣಾರ್ಧದಲ್ಲಿ ಮುಟ್ಟುತ್ತವೆ. ಇದು ಸಂತೋಷದ ಸಂಗತಿಯೇ. ಆದರೆ ಅದೇ ರೈತನು ತನ್ನೂರಿನ ಕೆರೆಯ ಏರಿ ಒಡೆದಿದೆಯೆಂದೂ, ತನ್ನ ಹೆಸರಿನ ಪರಿಹಾರದ ಹಣವನ್ನು ನಡುವೆ ಯಾರೋ ನುಂಗಿದರೆಂದೂ ಹೇಳಿದರೆ ಕೇಳುವ ಕಿವಿ ಎಲ್ಲಿದೆ? ಕೇಳಿದವನು ಅದನ್ನು ವಿಚಾರಿಸಿ, ನಿಜವೆಂದು ಕಂಡುಕೊಂಡು, ತನ್ನ ಹೆಸರನ್ನು ಕೆಳಗೆ ಹಾಕಿ ಪ್ರಕಟಿಸುವನೆ? ಹೇಳಿದವನಿಗೆ ಕಷ್ಟ ಬಂದಾಗ ಅವನ ಪಕ್ಕದಲ್ಲಿ ನಿಲ್ಲುವನೆ? ಸಾಧನಗಳು ಸಾವಿರ ಪಾಲು ಹೆಚ್ಚಿದರೂ ಈ ಮೂರು ಕೆಲಸಗಳನ್ನು ಯಾವ ಸಾಧನವೂ ಮನುಷ್ಯನಿಗೆ ಬದಲಾಗಿ ಮಾಡಿಕೊಡುವುದಿಲ್ಲ.

ಅಧಿಕಾರಿಗಳಲ್ಲಿ ನಾವು ಬಿನ್ನವಿಸುವುದಿಷ್ಟೆ: ಹಳ್ಳಿಯಿಂದ ಬಂದ ದೂರಿನ ಸುದ್ದಿಯನ್ನು ಶತ್ರುವಿನ ಬಾಣವೆಂದು ಎಣಿಸದೆ, ನಿಮ್ಮ ಗುಮಾಸ್ತರು ಕೊಡದ ಒಂದು ವರದಿಯೆಂದು ಓದಿರಿ. ಪಟ್ಟಣದ ವಿದ್ಯಾವಂತರಲ್ಲಿ ನಮ್ಮ ಮಾತು ಬೇರೆ. ಬೇತಿಯಾದ ಆ ಮಾಸ್ತರರು ಬರೆಯದೆ ಇದ್ದಿದ್ದರೆ ಕಾನ್ಪುರದ ಸಂಪಾದಕರ ಧೈರ್ಯಕ್ಕೆ ಕೆಲಸವೇ ಇರುತ್ತಿರಲಿಲ್ಲ. ಅಕ್ಷರ ಬಲ್ಲವನು ಅಕ್ಷರ ಬಾರದ ನೆರೆಯವನಿಗಾಗಿ ಒಂದು ಕಾಗದವನ್ನು, ಕಂಡುದನ್ನು ಕಂಡಂತೆ, ಬರೆಯಲಿ. ಕಾಣದುದನ್ನು ಕಂಡೆನೆಂದು ಒಬ್ಬರಿಂದೊಬ್ಬರಿಗೆ ಸಾಗಿಸದೆ ಇರಲಿ. ಅಂತಹ ಕಾಗದವು ಬಂದ ದಿನ ಅದನ್ನು ಪ್ರಕಟಿಸುವ ಭಾರವು ನಮ್ಮಂತಹ ಸಂಪಾದಕರದು. ಆ ಭಾರವು ಎಷ್ಟು ದೂರದವರೆಗೆ ಒಯ್ಯಬಲ್ಲದೆಂಬುದನ್ನು ವಿದ್ಯಾರ್ಥಿಯವರು ನಮಗೆ ತೋರಿಸಿಕೊಟ್ಟು ಹೋಗಿದ್ದಾರೆ.